ಎರಡು ಗಡಿಯೊಳಗಿನ ಆರು ಮನೆ

ಲಲಿತಕ್ಕ, ನಿಮ್ಮ ಗುಡ್ಡೆಯ ಆರು ಮನೆಗಳಿಗೆ ನೀರು ತಪ್ಪಿಸಿದವನು ನಾನೇ. ಕಂಪ್ಯೂಟರ್ ಅಲ್ಲ, ಸರಕಾರವೂ ಅಲ್ಲ — ನಾನು.

ಐದು ವರ್ಷದ ಹಿಂದೆ ಈಶ್ವರಮಂಗಲದ ನಿಮ್ಮ ಕಡೆಗೆ ನೀರಿನ ಯೋಜನೆಗೆ ಫೋನಿನಲ್ಲಿ ನಕ್ಷೆ ಮಾಡಲು ಬಂದಿದ್ದೆ. ಟ್ಯಾಂಕಿ ಒಂದೇ, ಜಾಗ ಕೊಡುತ್ತೇವೆಂದವರು ಇಬ್ಬರು — ಈಚೆ ರಾಮಣ್ಣ, ನೀರು ಹರಿಯುವ ತೋಡಿನ ಆಚೆ ಇನ್ನೊಬ್ಬರು. ಯಾರ ಗಡಿಯೊಳಗೆ ಹೆಚ್ಚು ಮನೆಗಳೋ ಅವರ ಜಾಗದಲ್ಲಿ ಟ್ಯಾಂಕಿ. ಗಡಿ ತೋರಿಸಿ ಎಂದರೆ ನಮ್ಮಲ್ಲಿ ಪಟ್ಟಾ ಜಾಗಕ್ಕೇ ನಿಲ್ಲಿಸುವವರು ಯಾರಿದ್ದಾರೆ? ಪಕ್ಕದ ಸರಕಾರಿ ಗುಡ್ಡೆ, ಸೊಪ್ಪು ಸೌದೆ ತರುವ ಕುಮ್ಕಿ — ಅದೂ ನಮ್ಮದೇ ಎಂದು ತೋರಿಸುವುದು. ಇಬ್ಬರೂ ಒಂದೇ ಕುಮ್ಕಿಯನ್ನು ತೋರಿಸಿದರು. ನಿಮ್ಮ ಆರು ಮನೆಗಳಿದ್ದದ್ದು ಅಲ್ಲೇ.

ಗಡಿಗಳು ಒಂದರ ಮೇಲೊಂದು ಬಿದ್ದದ್ದರಿಂದ ತಂತ್ರಾಂಶ ಆ ಆರನ್ನು ಎರಡೂ ಕಡೆ ಎಣಿಸಿತು. ಯಾವ ಕಡೆಗೆ ಸೇರಿಸಬೇಕೆಂದು ನಾನು ತೀರ್ಮಾನಿಸಬೇಕಿತ್ತು. ರಾಮಣ್ಣನ ಜಾಗ ನಿಮ್ಮ ಮನೆಗಳಿಗಿಂತ ಮೇಲೆ. ಆಚೆಯದು ತಗ್ಗು, ಅಲ್ಲಿಂದ ನಿಮಗೆ ನೀರು ಹತ್ತುವುದಿಲ್ಲ. ಗುಡ್ಡೆ ಹತ್ತಿ ಇಳಿದ ನನಗೆ ಇದೆಲ್ಲ ಗೊತ್ತಿತ್ತು.

ಆದರೆ ಆ ರಾಮಣ್ಣ ಹತ್ತು ಜನರ ಎದುರು ಹೇಳಿದ್ದ: "ಫೋನ್ ಹಿಡ್ಕೊಂಡು ತಿರುಗುವವನಿಗೆ ಎಂತ ಗೊತ್ತುಂಟು? ನಾನು ಹೇಳಿದಲ್ಲಿ ಗೆರೆ ಹಾಕು, ಹೋಗು." ಎಂಥ ಸೊಕ್ಕು! ಇವತ್ತಿಗೂ ಮೈ ಉರಿಯುತ್ತದೆ. ಇರು, ನಿನಗೆ ಮಾಡುತ್ತೇನೆ ಎಂದುಕೊಂಡು — ಆರನ್ನೂ ಆಚೆಗೆ ಸೇರಿಸಿಬಿಟ್ಟೆ. ಲೆಕ್ಕ ಅತ್ತ ಹೆಚ್ಚಾಗಿ ಟ್ಯಾಂಕಿ ಆಚೆಗೇ ಹೋಯಿತು, ನೀರು ನಿಮ್ಮ ಗುಡ್ಡೆ ಹತ್ತಲೇ ಇಲ್ಲ.

ರಾಮಣ್ಣನಿಗೆ ಏನಾಯಿತು? ಏನೂ ಆಗಲಿಲ್ಲ. ಅವನಿಗೆ ಬೋರ್‌ವೆಲ್ ಇದೆ. ತೋಡಿನಿಂದ ಕೊಡ ಹೊತ್ತು ಗುಡ್ಡೆ ಹತ್ತಿದ್ದು ನೀವು. ಮಂಡಿ ಹೋದದ್ದೂ ನಿಮ್ಮದೇ.

ಆಮೇಲೊಮ್ಮೆ ಕುಂಬ್ರ ಪೇಟೆಯಲ್ಲಿ ಸಿಕ್ಕಿ ಕೇಳಿದಿರಿ: "ಎಂತ ಮಾರಾಯ, ನಮ್ಮ ಮನೆ ಲೆಕ್ಕಕ್ಕೇ ಬರ್ಲಿಲ್ವಾ?"

"ಕಂಪ್ಯೂಟರಿನ ತಪ್ಪು, ಅಕ್ಕ."

"ಪಾಪ, ಅದಕ್ಕೆ ನೀನೆಂತ ಮಾಡುದು" ಎಂದು ನನ್ನನ್ನೇ ಸಮಾಧಾನ ಮಾಡಿದಿರಿ. ಥೂ, ನನ್ನ ಜನ್ಮಕ್ಕೆ! ಆಗಲೇ ಬಾಯಿಬಿಡಬಹುದಿತ್ತು... ಬಿಡಲಿಲ್ಲ.

ಹಳೆಯ ನಕ್ಷೆ ನನ್ನ ಬಳಿ ಇದೆ. ಈ ಸಲದ ಗ್ರಾಮಸಭೆಯಲ್ಲಿ ಅದನ್ನು ಮುಂದಿಟ್ಟು ಈ ಕಾಗದವನ್ನೇ ಓದುತ್ತೇನೆ. ರಾಮಣ್ಣ ಮುಂದಿನ ಸಾಲಿನಲ್ಲೇ ಕೂತಿರುತ್ತಾನೆ, ನಗುತ್ತಾನೆ. ನಗಲಿ. ಅವನ ಮೇಲಿನ ಸಿಟ್ಟು ನನಗೆ ಹೋಗಿಲ್ಲ, ಹೋಗುವುದೂ ಇಲ್ಲ. ನೀವು ನನ್ನನ್ನು ಕ್ಷಮಿಸಬೇಡಿ, ಲಲಿತಕ್ಕ. ಆರು ಮನೆಯವರನ್ನೂ ಕರೆದುಕೊಂಡು ಬನ್ನಿ — ಬಂದು, "ಇವನೇ" ಎಂದು ಎಲ್ಲರಿಗೂ ತೋರಿಸಿ.