ಮಗಳು ಹೇಳಿದ ಕಾರಣ

ಆ ದಿನ ಮಧ್ಯಾಹ್ನ ನಾವು ಬದನೆಕಾಯಿಯ ವಿಷಯಕ್ಕೆ ಜಗಳವಾಡಿದ್ದೆವು. ದೊಡ್ಡ ಜಗಳವೇನಲ್ಲ. ಪಂಪ್‌ಸೆಟ್ಟಿನ ಮೋಟರು ರಿಪೇರಿಗೆ ತಂದಿದ್ದ ಕಂಪ್ಲಿಯ ರೈತರೊಬ್ಬರು ಪ್ರೀತಿಯಿಂದ ಒಂದು ಚೀಲ ಬದನೆಕಾಯಿಯನ್ನೂ ಇಳಿಸಿ ಹೋಗಿದ್ದರು. ಕೆಡಬಾರದೆಂದು ನಾನು ದಿನಾ ಅದನ್ನೇ ಪಲ್ಯ ಮಾಡುತ್ತಿದ್ದೆ. ಚಿತ್ತವಾಡ್ಗಿಯಲ್ಲಿ ನಮ್ಮ ಮನೆಗೆ ಅಂಟಿಕೊಂಡ ಅಂಗಡಿಯಲ್ಲಿ ಮೋಟರ್ ವೈಂಡಿಂಗ್ ಮಾಡುತ್ತಿದ್ದ ನನ್ನ ಗಂಡ, ಎಷ್ಟು ತೊಳೆದರೂ ಉಗುರಿನ ಸಂದಿಯಿಂದ ಹೋಗದ ಗ್ರೀಸಿನೊಡನೆ ಊಟಕ್ಕೆ ಕುಳಿತು ತಟ್ಟೆ ನೋಡಿ, "ನಾಳಿಗೂ ಇದಾ ಇದ್ರ ನಾ ಗಾದಿಗನೂರಿಗೆ ತಂಗಿ ಮನಿಗೆ ಉಣ್ಣಾಕ ಹೋಗ್ತೀನಿ ನೋಡು" ಎಂದರು.

"ಹೋಗ್ರಿ. ಅಲ್ಲೂ ಇದಾ ಐತಿ. ಅಕಿಗೂ ಅರ್ಧ ಚೀಲ ಕಳಿಸೀನಿ" ಎಂದೆ.

ಮಗಳು ಪವಿತ್ರಾ ರೊಟ್ಟಿ ಕೈಯಲ್ಲಿ ಹಿಡಿದು ನಕ್ಕಳು. ಆಗಷ್ಟೇ ಪಿಯುಸಿಗೆ ಸೈನ್ಸ್ ಸೇರಿದ್ದಳು. ಮುಂದೆ ಏನು ಓದುತ್ತೀ ಎಂದು ಅವರು ಕೇಳಿದರು. ಇನ್ನೂ ನೋಡಿಲ್ಲ ಎಂದಳು. "ಏನರ ಓದವ್ವಾ, ಕೈ ಸ್ವಚ್ಛ ಇರೋ ಕೆಲಸ ಹಿಡಿ" ಎಂದು ಹೇಳಿ, ಬೇಡವೆಂದ ಪಲ್ಯವನ್ನೇ ಇನ್ನೊಂದು ಸಲ ಹಾಕಿಸಿಕೊಂಡು ಉಂಡು ಎದ್ದರು. ನಮ್ಮ ಮನೆಯ ಕೊನೆಯ ಸಾಧಾರಣ ದಿನ ಹೀಗಿತ್ತು.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ಎತ್ತುವಾಗ ಕುಸಿದರು. ಮೆದುಳಿನ ನರ ಒಡೆದಿದೆ ಎಂದರು. ಒಂದು ದೊಡ್ಡ ಆಸ್ಪತ್ರೆಗೆ ಒಯ್ದೆವು. ಅವರನ್ನು ಒಳಗೆ ಕರೆದೊಯ್ದರು, ನಾವು ತಾಯಿ ಮಗಳು ಹೊರಗಿನ ಬೆಂಚಿನ ಮೇಲೆ ಕುಳಿತೆವು. ಅದರ ಮರುದಿನ ಅವರು ಹೋದರು.

ಈಗ ಪವಿತ್ರಾ ಎರಡನೆಯ ಪಿಯುಸಿ. ನೀಟ್ ಬರೆಯುತ್ತೇನೆ, ಡಾಕ್ಟರಾಗುತ್ತೇನೆ ಎನ್ನುತ್ತಾಳೆ. ಇದನ್ನು ಕೇಳಿದವರೆಲ್ಲ ಒಂದೇ ಮಾತನ್ನು ಒಂದೇ ದನಿಯಲ್ಲಿ ಹೇಳುತ್ತಾರೆ: ಪಾಪ, ಅಪ್ಪನ ಸಲುವಾಗಿ. ಓಣಿಯವರು ಹೇಳಿದರು, ಕೋಚಿಂಗ್‌ನ ಮೇಷ್ಟರು ಹೇಳಿದರು, ನಾನೂ ಮನಸ್ಸಿನಲ್ಲಿ ಹೇಳಿಕೊಂಡೆ. ಸಾವಾದ ಮನೆಯ ಮಕ್ಕಳ ಪಾಡೇ ಹೀಗೆಂದು ಕಾಣುತ್ತದೆ. ಚೆನ್ನಾಗಿ ಓದಿದರೆ ಅದು ಅಪ್ಪನ ನೆನಪಿಗೆ, ಓದದಿದ್ದರೆ ಅದು ಅಪ್ಪನಿಲ್ಲದ್ದಕ್ಕೆ. ಅವರದೇ ಆದ ಆಸೆಯೊಂದು ಇರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ನನ್ನ ಗಂಡನನ್ನು ಮೋಟರಿನ ಕೆಲಸ ಯಾಕೆ ಹಿಡಿದೆ ಎಂದು ಯಾರೂ ಕೇಳಿರಲಿಲ್ಲ. ಹರೆಯದಲ್ಲಿ ಯಾರದೋ ಅಂಗಡಿಯ ಮುಂದೆ ನಿಂತು ತಂತಿ ಸುತ್ತುವುದನ್ನು ನೋಡುತ್ತಾ ನೋಡುತ್ತಾ ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ, ಅಷ್ಟೇ. ಮನುಷ್ಯ ತನಗೆ ಒಗ್ಗುವ ಕೆಲಸದೊಳಗೆ ಹಾಗೆ ಸದ್ದಿಲ್ಲದೆ ಹೊಕ್ಕುಬಿಡಬಹುದು.

ಮಗಳ ವಿಷಯದಲ್ಲಿ ನನಗೆ ಭಯವಿತ್ತು. ಉಳಿಸಲಾಗದ ಅಪ್ಪನನ್ನು ಉಳಿಸಲೆಂದೇ ಅವಳು ಹೊರಟಿದ್ದರೆ, ಮುಂದೆ ಆಸ್ಪತ್ರೆಯ ಪ್ರತಿ ಮಂಚದ ಮೇಲೂ ಅಪ್ಪನನ್ನೇ ಕಂಡರೆ, ನನ್ನ ಮಗಳು ಜೀವಮಾನದಲ್ಲಿ ಎಷ್ಟು ಸಲ ಸೋಲಬೇಕು? ಅಂಥ ಭಾರವನ್ನು ಹೊರಲು ನಾನು ಒಪ್ಪಿಗೆ ಕೊಡಬಾರದು ಎಂದುಕೊಂಡಿದ್ದೆ. ಅವಳನ್ನೇ ಕೇಳಬಹುದಿತ್ತು. ಆದರೆ ಕೇಳಲು ಹೊರಟರೆ ನಮ್ಮಿಬ್ಬರ ನಡುವೆ ಒಂದು ಇಡ್ಲಿಯ ತಟ್ಟೆ ಅಡ್ಡ ಬರುತ್ತಿತ್ತು.

ಅದನ್ನು ನಿಮಗೆ ಬಿಡಿಸಿ ಹೇಳಬೇಕು. ಅವರು ಹೋದ ದಿನ ಬೆಳಿಗ್ಗೆ ಡಾಕ್ಟರೊಬ್ಬರು ಹೊರಗೆ ಬಂದು ನಮ್ಮ ಕಡೆಯವರನ್ನು ಕರೆದರು. ಪವಿತ್ರಾ ಎದ್ದು ಹೋದಳು. ಚಿಕ್ಕ ವಯಸ್ಸಿನ ಡಾಕ್ಟರು, ನಿದ್ದೆಗೆಟ್ಟ ಕಣ್ಣು; ನಿಂತಲ್ಲೇ ಇಂಗ್ಲಿಷಿನಲ್ಲಿ ಏನೋ ಹೇಳಿ ಒಳಗೆ ಹೋದರು. ದೂರದಲ್ಲಿದ್ದ ನನಗೆ ತಿಳಿಯಲಿಲ್ಲ. ಅವಳು ಕುಡಿಯುವ ನೀರಿನ ನಲ್ಲಿಯ ಹತ್ತಿರ ಸ್ವಲ್ಪ ಹೊತ್ತು ನಿಂತಳು, ಮುಖ ತೊಳೆದಳು, ನನ್ನ ಬಳಿ ಬಂದು, "ಅಮ್ಮ ಏಳು, ಒಂದೀಟು ಏನರ ತಿನ್ನು" ಎಂದಳು. ಬ್ಯಾಡ ಎಂದರೂ ಬಿಡಲಿಲ್ಲ. ಕ್ಯಾಂಟೀನಿನಲ್ಲಿ ಇಡ್ಲಿ ಮುರಿದು ಸಾಂಬಾರಿನಲ್ಲಿ ಅದ್ದಿ ಅದ್ದಿ ನನ್ನ ಮುಂದಿಟ್ಟಳು, ತಾನು ಮುಟ್ಟಲಿಲ್ಲ. ನಾನು ತಿಂದು ನೀರು ಕುಡಿದ ಮೇಲೆ ನನ್ನ ಎರಡೂ ಕೈ ಹಿಡಿದು ಹೇಳಿದಳು. "ಅಪ್ಪ ಹೋದ, ಅಮ್ಮ."

ಸುದ್ದಿ ಮೊದಲು ಬಂದಿತ್ತು, ಇಡ್ಲಿ ಆಮೇಲೆ ಬಂದಿತ್ತು ಎಂಬುದು ಅಲ್ಲೇ ಗೊತ್ತಾಯಿತು. ಆ ಇಡ್ಲಿಯ ಮಾತು ಗಾದಿಗನೂರಿನ ನಾದಿನಿಯ ಕಿವಿಗೂ ಬಿತ್ತು. ಮಣ್ಣು ಮುಗಿಸಿ ಬಂದು ಎಲ್ಲರೂ ಕುಳಿತಿದ್ದಾಗ ಅವಳು ಯಾರ ಮುಖವನ್ನೂ ನೋಡದೆ, "ಅಣ್ಣ ಅಲ್ಲಿ ಮಕ್ಕೊಂಡಿದ್ದ, ಇಲ್ಲಿ ನಮ್ಮ ಅತ್ತಿಗಿದು ಟಿಫನ್ ನಡದಿತ್ತು" ಎಂದಳು. ಅಣ್ಣನನ್ನು ಕಳೆದುಕೊಂಡವಳ ಮಾತು ಅದು. ಆದರೆ ಅಲ್ಲಿಂದ ಮುಂದೆ ನನ್ನ ಮನೆಯಲ್ಲಿ ಇಡ್ಲಿ ಆಗಲಿಲ್ಲ. ಯಾಕೆ ಹಾಗೆ ಮಾಡಿದೆ ಎಂದು ನಾನು ಕೇಳಲಿಲ್ಲ, ಮಗಳೂ ಹೇಳಲಿಲ್ಲ.

ನೀಟ್ ಪರೀಕ್ಷೆಗೆ ಅರ್ಜಿ ಹಾಕುವ ದಿನಗಳು ಬಂದವು. ಒಂದು ಭಾನುವಾರ ಇಬ್ಬರೂ ಮೆಂತ್ಯ ಸೊಪ್ಪು ಬಿಡಿಸುತ್ತಾ ಕುಳಿತಿದ್ದಾಗ ತಡೆಯಲಾರದೆ ಅಂದುಬಿಟ್ಟೆ. "ಅಪ್ಪನ ಸಲುವಾಗಿ ಡಾಕ್ಟರ್ ಆಗಬ್ಯಾಡವ್ವಾ. ನಿನಗ ಬೇಕಿದ್ರ ಆಗು."

"ಅಪ್ಪನ್ನ ಉಳಸ್ತಿದ್ದೆ ಅಂತ ನಾ ಯಾವತ್ತರ ಅಂದೀನೇನು? ಅವನ್ನ ಉಳಸಾಕ ಯಾರಿಗೂ ಆಗ್ತಿರಲಿಲ್ಲ. ಈಗ ಓದಿದ ಮ್ಯಾಲೆ ನನಗೂ ತಿಳದೈತಿ."

"ಮತ್ತ ಯಾಕ?"

ಅವಳು ಸೊಪ್ಪಿನ ಕಡೆ ನೋಡುತ್ತಲೇ ಹೇಳಿದಳು. "ಡಾಕ್ಟ್ರು ನನಗ ಹೇಳಿ ಹೊಂಟು ಹೋದ್ರು. ನಿನಗ ಹೇಳೋದು ನನ್ನ ಪಾಲಿಗೆ ಬಂತು. ನೀ ಮುಂಜಾನೆದ್ದು ಸಕ್ಕರಿ ಬ್ಯಾನಿ ಗುಳಿಗಿ ನುಂಗಿದ್ದಿ, ಹೊಟ್ಟಿಗೆ ಏನೂ ಇರಲಿಲ್ಲ, ಕೈ ನಡಗತಿದ್ವು. ಹೇಳಿದ್ರ ಮುಗೀತು, ಮಣ್ಣಾಗತನಕ ನಿನ್ನ ಬಾಯಿಗೆ ಒಂದು ಅಗಳು ಹೋಗಂಗಿಲ್ಲ. ಗಾದಿಗನೂರು ಅತ್ತಿ ಬಂದ್ರ ನೀರೂ ಕುಡ್ಯಾಕ ಬಿಡಂಗಿಲ್ಲ. ಅಪ್ಪಗ ಇನ್ನ ಅವಸರ ಇರಲಿಲ್ಲ. ನಿನಗಿತ್ತು."

ನಾನು ಕೈಯಲ್ಲಿದ್ದ ಸೊಪ್ಪನ್ನು ಮೊರಕ್ಕಿಟ್ಟೆ. "ಉಣ್ಣಾಕ ಹಾಕೋದು ಡಾಕ್ಟರ್ ಕೆಲಸ ಅಲ್ಲಲ್ಲ" ಎಂದೆ.

"ಮತ್ತ ಯಾರ ಕೆಲಸ?" ಎಂದಳು. ಆಮೇಲೆ ಸೊಪ್ಪಿನ ಕಡ್ಡಿಗಳನ್ನು ಮೊರದಲ್ಲಿ ಗುಡ್ಡೆ ಮಾಡುತ್ತಾ, "ಮತ್ತ ನನಗ ಬಯಾಲಜಿ ಅಂದ್ರ ಭಾಳ ಇಷ್ಟ. ಅದನ್ನ ಮಾತ್ರ ಯಾರೂ ಕೇಳಂಗಿಲ್ಲ ನೋಡು" ಎಂದು ನಕ್ಕಳು.

ಆ ನಗುವಿನಲ್ಲಿ ನನ್ನ ಭಯ ಬಹಳಷ್ಟು ಇಳಿಯಿತು. ಸಾವನ್ನು ಗೆಲ್ಲಲು ಹೊರಟ ಹುಡುಗಿಯಲ್ಲ ಇವಳು. ಸಾವೇ ಗೆದ್ದ ಮೇಲೂ ಹೊರಗಿನ ಬೆಂಚಿನ ಮೇಲೆ ಒಬ್ಬರು ಉಳಿದಿರುತ್ತಾರೆ, ಅವರ ಹೊಟ್ಟೆಯಲ್ಲಿ ಏನಿದೆ, ಅವರಿಗೆ ಯಾವ ಮಾತು ತಿಳಿಯುತ್ತದೆ ಎಂದು ನೋಡುವವಳು. ಆ ಬೆಳಿಗ್ಗೆ ನಲ್ಲಿಯ ಹತ್ತಿರ ಅವಳು ಕಳೆದ ಹೊತ್ತಿನಲ್ಲಿ, ಅಳುವ ಹಕ್ಕು ಅವಳಿಗೇ ಮೊದಲು ಇದ್ದಾಗ, ಅದನ್ನು ಪಕ್ಕಕ್ಕಿಟ್ಟು ನನ್ನನ್ನು ಉಳಿಸಿಕೊಳ್ಳುವುದು ಹೇಗೆಂದು ಯೋಚಿಸಿದ್ದಳು. ನನ್ನ ಪಾಲಿಗೆ ಆ ದಿನ ಆಸ್ಪತ್ರೆಯಲ್ಲಿ ನಮ್ಮನ್ನು ನೋಡಿಕೊಂಡ ಡಾಕ್ಟರು ಅವಳೇ.

ಮರುದಿನ ಅರ್ಜಿ ಹಾಕಲು ಅವಳ ಜೊತೆ ನಾನೂ ಹೋದೆ. ಆಮೇಲೊಮ್ಮೆ ಗಾದಿಗನೂರಿನಿಂದ ಬಂದ ನಾದಿನಿ ಮಾತಿಗೆ ಮಾತು ಬಂದು ಮತ್ತೆ ಟಿಫನ್ನಿನ ಸುದ್ದಿ ತೆಗೆದಾಗ, "ಹೌದವ್ವಾ, ತಿಂದೆ. ನನ್ನ ಮಗಳು ತಿನ್ನಿಸಿದ್ಲು, ಅದಕ್ಕ ಈಗ ನಿನ್ನ ಮುಂದ ಕುಂತೀನಿ" ಎಂದೆ. ಅವಳು ನನ್ನನ್ನು ನೋಡಿದಳು, ಪವಿತ್ರಾಳನ್ನು ನೋಡಿದಳು, "ಚಾ ಇಡು ಹಂಗಾದ್ರ" ಎಂದಳು. ನಾನು ಎದ್ದು ಚಾ ಇಟ್ಟೆ.

ಸೀಟು ಸಿಗುತ್ತದೆಯೋ ಇಲ್ಲವೋ ತಿಳಿಯದು. ಸಿಗದಿದ್ದರೆ ನರ್ಸಿಂಗ್ ಇದೆ ಎನ್ನುತ್ತಾಳೆ, ಬಯಾಲಜಿ ಅಲ್ಲೂ ಇದೆ ಎನ್ನುತ್ತಾಳೆ. ಓದಲಿ. ಎಲ್ಲಿಯೇ ಹೋದರೂ, ಹೊರಗೆ ಕಾಯುವವರಿಗೆ ಕುಳಿತು ಹೇಳುತ್ತಾಳೆ, ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾಳೆ ಎಂಬ ನಂಬಿಕೆ ನನಗಿದೆ. ನಮಗೆ ಆ ಭಾಗ್ಯ ಸಿಗಲಿಲ್ಲ. ಡಾಕ್ಟರು ಅವಳಿಗೆ ಹೇಳಿದ್ದು ಒಂದೇ ಮಾತು, ಅವಳಲ್ಲಿದ್ದದ್ದೂ ನನಗೆ ಕೊಟ್ಟದ್ದೂ ಅದೊಂದೇ. ಕೊನೆಯ ಗಳಿಗೆಯಲ್ಲಿ ನನ್ನ ಗಂಡನಿಗೆ ಎಚ್ಚರವಿತ್ತೇ, ನಮ್ಮನ್ನು ಕೇಳಿದರೇ, ಪಕ್ಕದಲ್ಲಿ ಯಾರಾದರೂ ನಿಂತಿದ್ದರೇ ಎಂಬುದನ್ನು ಇದುವರೆಗೆ ಯಾರೂ ನಮಗೆ ಹೇಳಿಲ್ಲ.