ಹಿಂದಿನ ಮೆಕ್ಯಾನಿಕ್

ಡೀಸೆಲ್ ಗಾಡಿಗಳ ಆ ಮೆಕ್ಯಾನಿಕ್ಕನಿಗೆ ಬೀದಿಯವರು ಇಟ್ಟ ಹೆಸರು ಜಡ್ಜ್ ಸಾಹೇಬ್ರು. ಯಾವ ಕಾರು ಬಂದರೂ ಬಾನೆಟ್ ಎತ್ತಿದ ತಕ್ಷಣ ಅವನ ಬಾಯಿಂದ ಬರುತ್ತಿದ್ದ ಮೊದಲ ಮಾತು, “ಯಾವ ಪುಣ್ಯಾತ್ಮ ಇದಕ್ಕೆ ಕೈ ಹಾಕಿದ್ದು?” ಇಪ್ಪತ್ತಾರು ವರ್ಷಗಳ ಕಸುಬಿನಲ್ಲಿ ನೆಟ್ಟಗಿದ್ದ ಹಿಂದಿನ ಮೆಕ್ಯಾನಿಕ್ ಒಬ್ಬನೂ ಅವನಿಗೆ ಸಿಕ್ಕಿರಲಿಲ್ಲ. ಅವರನ್ನು ಬೈಯುತ್ತಲೇ ಅವರು ಕೆಡಿಸಿದ್ದನ್ನು ಸರಿಮಾಡುತ್ತಿದ್ದ. ಕೆಲಸ ಮಾತ್ರ ಅಚ್ಚುಕಟ್ಟು, ಅದರಲ್ಲಿ ಎರಡು ಮಾತಿಲ್ಲ.

ಒಂದು ದಿನ ನಿವೃತ್ತ ಹೆಡ್‌ಮೇಡಂ ತಮ್ಮ ಹಳೆಯ ಕಾರು ತಂದು ನಿಲ್ಲಿಸಿದರು.

“ಬೆಳಗ್ಗೆ ಕೀ ತಿರುಗಿಸಿದ್ರೆ ಎಷ್ಟೋ ಹೊತ್ತು ಗೊರಗೊರ ಅಂದು ಆಮೇಲೆ ಸ್ಟಾರ್ಟ್ ಆಗುತ್ತಪ್ಪ. ಒಂದ್ಸಲ ಶುರುವಾದ್ರೆ ಸಂಜೆವರೆಗೂ ತಂಟೆಯಿಲ್ಲ.”

“ಬ್ಯಾಟರಿ?”

“ಹೊಸದು.”

“ಕೆಳಗೆ ಡೀಸೆಲ್ ಸೋರುತ್ತಾ?”

“ಒಂದು ಹನಿಯೂ ಇಲ್ಲ.”

“ಹಾಗಾದ್ರೆ ಗಾಳಿ ಎಳೀತಿದೆ ಮೇಡಂ. ಪಂಪು ಟ್ಯಾಂಕಿಂದ ಡೀಸೆಲ್ ಹೀರುತ್ತಲ್ಲ, ಆ ದಾರೀಲಿ ಎಲ್ಲೋ ಸಂದಿಯಿದೆ. ಡೀಸೆಲ್ ಹೊರಗೆ ಬರಲ್ಲ, ಗಾಳಿ ಒಳಗೆ ಹೋಗುತ್ತೆ. ಗಾಡಿ ನಿಂತಾಗ ಡೀಸೆಲ್ಲೆಲ್ಲ ವಾಪಸ್ ಟ್ಯಾಂಕಿಗೆ ಇಳಿಯುತ್ತೆ. ಯಾವ ಪುಣ್ಯಾತ್ಮನೋ ಕೈ ಹಾಕಿದ್ದು!”

ಹೆಡ್‌ಮೇಡಂ ಸ್ಟೂಲಿನ ಮೇಲೆ ಕುಳಿತು ಕನ್ನಡಕ ಒರೆಸಿಕೊಂಡರು.

ಅವನು ಫಿಲ್ಟರಿಗೂ ಪಂಪಿಗೂ ನಡುವೆ ಒಂದು ಗೇಣು ಪಾರದರ್ಶಕ ಪೈಪು ಸಿಕ್ಕಿಸಿ ಎಂಜಿನ್ ಓಡಿಸಿದ. ಪೈಪಿನೊಳಗೆ ಗುಳ್ಳೆಗಳು ಸಾಲುಗಟ್ಟಿ ಓಡಿದವು. ಟ್ಯಾಂಕಿನ ಕಡೆಯ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಗಿ ಮಾಡಿದ, ಕ್ಲಿಪ್ಪಿಗೊಂದು ಬೈಗುಳದಂತೆ. ಗುಳ್ಳೆ ನಿಲ್ಲಲಿಲ್ಲ. ಟ್ಯಾಂಕಿನ ಪೈಪನ್ನೇ ಬಿಚ್ಚಿ, ಫಿಲ್ಟರಿಗೆ ನೇರ ಕ್ಯಾನಿನಿಂದ ಡೀಸೆಲ್ ಕುಡಿಸಿದ. ಆಗಲೂ ಗುಳ್ಳೆ. ಅಲ್ಲಿಗೆ ಟ್ಯಾಂಕೂ ಪೈಪೂ ನಿರಪರಾಧಿಗಳು, ತಪ್ಪು ಫಿಲ್ಟರಿನದೇ ಎಂದಾಯಿತು.

ಫಿಲ್ಟರ್ ತಿರುಗಿಸಿ ತೆಗೆದ. ಅದು ಕೂರುವ ಜಾಗದಲ್ಲಿ ಹಳೆಯ ರಬ್ಬರ್ ವಾಷರ್ ಚಪ್ಪಟೆಯಾಗಿ ಅಂಟಿಕೊಂಡಿತ್ತು.

“ನೋಡಿ ಮೇಡಂ! ಹಳೇ ವಾಷರ್ ಕೀಳದೆ ಅದರ ಮೇಲೆ ಹೊಸ ಫಿಲ್ಟರ್ ಕೂರಿಸಿದಾನೆ. ಇಂಥವನ ಕೈಗೆ ಸ್ಪ್ಯಾನರ್ ಕೊಟ್ಟವರು ಯಾರು?”

ಹಾಗೆಂದು ಫಿಲ್ಟರಿನ ಕೊಳೆ ಒರೆಸಿದ. ಅಡಿಯಲ್ಲಿ ಕಪ್ಪು ಮಾರ್ಕರಿನಿಂದ ಬರೆದ ತಾರೀಕು ಕಾಣಿಸಿತು. ಫಿಲ್ಟರ್ ಮೇಲೆ ತಾರೀಕು ಬರೆಯುವ ಶಿಸ್ತು ಸುತ್ತಮುತ್ತ ಒಬ್ಬನಿಗೇ ಇತ್ತು. ಅಕ್ಷರವೂ ಆ ಒಬ್ಬನದೇ. ಅವನು ಫಿಲ್ಟರನ್ನು ಮೆಲ್ಲನೆ ಕೆಳಗಿಟ್ಟ.

“ಮೇಡಂ, ನಾಲ್ಕು ತಿಂಗಳ ಹಿಂದೆ ಈ ಗಾಡಿ... ಇಲ್ಲಿಗೆ ಬಂದಿತ್ತಾ?”

“ನನ್ನ ತಮ್ಮ ತಂದಿದ್ದನಪ್ಪ.”

“ಮತ್ತೆ ನೀವು ಹೇಳಲೇ ಇಲ್ಲ!”

“ನೀನು ಅಷ್ಟು ಮನಸಾರೆ ಬೈತಿದ್ದೆ. ನಡುವೆ ಬಾಯಿ ಹಾಕೋದು ಚೆನ್ನಾಗಿರಲ್ಲ ಅಂತ ಸುಮ್ನಾದೆ.”

ಅವನ ಕಿವಿ ಕೆಂಪಾಯಿತು. ಹಳೆಯ ವಾಷರನ್ನು ಉಗುರಿನಲ್ಲೇ ಕಿತ್ತು, ಜಾಗ ಒರೆಸಿ, ಹೊಸ ಫಿಲ್ಟರಿನ ವಾಷರಿಗೆ ಡೀಸೆಲ್ ಸವರಿ ಕೈಯಲ್ಲೇ ಬಿಗಿ ಮಾಡಿದ. ಫಿಲ್ಟರಿನ ಮೇಲಿನ ಕೈಪಂಪು ಒತ್ತಿ ಗಾಳಿ ಹೊರಹಾಕಿದ. ಎಂಜಿನ್ ಓಡಿಸಿದಾಗ ಕೊನೆಯ ನಾಲ್ಕು ಗುಳ್ಳೆ ಹೋಗಿ ಪೈಪು ತಿಳಿಯಾಯಿತು. ಅಷ್ಟಕ್ಕೂ ಸಮಾಧಾನವಾಗದೆ ಮರುದಿನ ಬೆಳಗ್ಗೆ ಕರೆಯದಿದ್ದರೂ ಅವರ ಗೇಟಿನ ಮುಂದೆ ಹಾಜರಾದ. ಕೀ ತಿರುಗಿಸುವುದೇ ತಡ, ಕಾರು ಎದ್ದು ಕೂತಿತು.

ಆಮೇಲೆ ಹೆಡ್‌ಮೇಡಂ ಸಿಕ್ಕಸಿಕ್ಕವರಿಗೆಲ್ಲ, “ಯಾರೋ ಮಾಡಿಟ್ಟ ಎಡವಟ್ಟನ್ನ ಅರ್ಧ ದಿನದಲ್ಲಿ ಹಿಡಿದುಬಿಟ್ಟ” ಎಂದು ಹೇಳಿಕೊಂಡು ಬಂದರು. ಆ ಕೀರ್ತಿಗೆ ಅದೇ ವಾರ ಗ್ಯಾರೇಜಿನ ಮುಂದೆ ಮೂರು ಕಾರು ನಿಂತವು. ಬಂದವರಿಗೆ ನಿಜ ಹೇಳಿಬಿಡೋಣವೆಂದು ಅವನು ಗಂಟಲು ಸರಿಮಾಡಿಕೊಂಡ. ಬಿಡಿಭಾಗಗಳ ಕೌಂಟರಿನಲ್ಲಿದ್ದ ಹೆಂಡತಿ ಮೆಲ್ಲನೆ ಗದರಿದಳು:

“ಸುಮ್ನಿರಿ. ಮೇಡಂ ‘ಯಾರೋ’ ಅಂದಿದಾರೆ. ಯಾರೋ ಆಗೇ ಇರ್ಲಿ.”

ಅವನು ಬಾಯಿ ಮುಚ್ಚಿಕೊಂಡು ಮೊದಲ ಕಾರಿನ ಕಡೆ ನಡೆದ.