ಮೂರು ಸಲ ಕಾಯಿಸಿದ ತಮಟೆ

ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಪಾಠ ಮಾಡಿದ್ದಕ್ಕಿಂತ ನಿರೂಪಣೆ ಮಾಡಿದ್ದೇ ಹೆಚ್ಚೇನೋ ಎಂದು ಒಮ್ಮೊಮ್ಮೆ ನನಗೇ ಅನುಮಾನ ಬರುತ್ತದೆ. ಕನ್ನಡ ಮೇಡಂ ಗಂಟಲು ಚೆನ್ನಾಗಿದೆ ಎಂದು ಯಾರೋ ಒಬ್ಬ ಅಧಿಕಾರಿ ಮೊದಲ ವರ್ಷ ಮೈಕು ಕೊಟ್ಟರು. ಆಮೇಲೆ ಮಂಡ್ಯ, ಮದ್ದೂರು, ಮಳವಳ್ಳಿ ಎಂದು ಎಲ್ಲಿಗೆ ವರ್ಗವಾಗಿ ಹೋದರೂ ಆಗಸ್ಟ್ ಹತ್ತಿರ ಬಂತೆಂದರೆ ತಾಲ್ಲೂಕಿನ ಸ್ವಾತಂತ್ರ್ಯೋತ್ಸವಕ್ಕೆ ಬನ್ನಿ ಎಂದು ನನ್ನ ಹೆಸರಿಗೆ ಒಂದು ಪತ್ರ ಬರುತ್ತದೆ. ಈಗ ಹೇಳಲಿರುವುದು ಯಾವ ತಾಲ್ಲೂಕಿನಲ್ಲಿ ನಡೆದದ್ದು ಎಂದು ಹೇಳುವುದಿಲ್ಲ. ಹೇಳಿದರೂ ಹೆಚ್ಚಿನ ವ್ಯತ್ಯಾಸವಿಲ್ಲ. ಮೂರು ಕಡೆಯೂ ಅದೇ ಶಾಮಿಯಾನ, ಅದೇ ಕೆಂಪು ಕುರ್ಚಿ, ಅದೇ ಭಾಷಣ.

ನಿರೂಪಣೆಗೆಂದು ನನ್ನ ಹತ್ತಿರ ಒಂದು ಕಟ್ಟು ರಟ್ಟಿನ ಚೀಟಿಗಳಿವೆ. ಬಡವರ ಬಂಧು, ಅಭಿವೃದ್ಧಿಯ ಹರಿಕಾರರು, ಸರಳ ಸಜ್ಜನಿಕೆಯ ಮೂರ್ತಿ ಎಂದೆಲ್ಲ ಅದರಲ್ಲಿ ಬರೆದಿದೆ. ಎಲೆಕ್ಷನ್ ಮುಗಿದ ಮೇಲೆ ಹೆಸರಿನ ಜಾಗಕ್ಕೆ ಹೊಸ ಕಾಗದ ಅಂಟಿಸುತ್ತೇನೆ, ಹೊಗಳಿಕೆ ಹಾಗೇ ಇರುತ್ತದೆ. ಸೋತವರು ಮುಂದಿನ ಸಾಲಿನಲ್ಲಿ ಕೂತು, ತಮಗೆ ಹೇಳಿದ ಮಾತನ್ನೇ ಇನ್ನೊಬ್ಬರಿಗೆ ಹೇಳುವುದನ್ನು ಕೇಳಿಸಿಕೊಳ್ಳುತ್ತಾರೆ. ಅವರ್ಯಾರೂ ಬೇಜಾರು ಮಾಡಿಕೊಂಡಂತೆ ಇಲ್ಲ. ಬೇಜಾರು ಆಗುವುದು ನನಗೆ, ಅದೂ ಮನೆಗೆ ಬಂದು ಸೀರೆ ಬದಲಾಯಿಸುವಾಗ.

ಆ ವರ್ಷ ಮಾತ್ರ ನನಗೆ ಸ್ವಲ್ಪ ಆಸೆ ಹುಟ್ಟಿತ್ತು. ಹೊಸದಾಗಿ ಗೆದ್ದವರಿಗೆ ನಾನೂ ವೋಟು ಹಾಕಿದ್ದೆ. ವಯಸ್ಸು ಕಡಿಮೆ, ಓದಿದವರು. ಪ್ರಚಾರಕ್ಕೆ ನಮ್ಮ ಬೀದಿಗೆ ಬಂದಾಗ ಕೈಮುಗಿದು ಹಾಗೇ ಮುಂದೆ ಹೋಗದೆ, ನಿಮ್ಮ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಇದೆಯಾ ಎಂದು ಕೇಳಿದ್ದರು. ಅಷ್ಟಕ್ಕೇ ಕರಗಿಹೋದೆ. ನಮ್ಮಂಥವರನ್ನು ಕರಗಿಸುವುದಕ್ಕೆ ಬಹಳ ಬೇಕಾಗಿಲ್ಲ.

ಇವರ ಮುಂದೆಯಾದರೂ ಹೊಸದೇನನ್ನಾದರೂ ಮಾಡಿಸಬೇಕು ಅನ್ನಿಸಿತು. ಪ್ರತಿ ವರ್ಷ ನಮ್ಮ ಹೈಸ್ಕೂಲಿನದು ಕ್ಯಾಸೆಟ್ ಹಾಡಿಗೆ ಬಾವುಟ ಬೀಸುವ ನೃತ್ಯ. ಅದನ್ನು ಬಿಟ್ಟು ಹತ್ತು ಹುಡುಗಿಯರ ಕೈಲಿ ತಮಟೆ ಹೊಡೆಸಬೇಕು ಎಂದು ತೀರ್ಮಾನಿಸಿದೆ. ಹತ್ತನೆಯ ತರಗತಿಯ ಒಬ್ಬ ಹುಡುಗಿಯ ತಾತ ಒಂದು ಕಾಲದಲ್ಲಿ ಸುತ್ತಮುತ್ತ ಹೆಸರಾದ ತಮಟೆಯವರು. ಅವರೇ ಕಲಿಸಲಿ ಎಂದು ಅವರ ಮನೆಗೆ ಹೋದೆ.

ತಾತ ಬಾಗಿಲಲ್ಲಿ ಕೂತು ಕೇಳಿಸಿಕೊಂಡು ತಲೆ ಬಗ್ಗಿಸಿಕೊಂಡರು. ಉತ್ತರ ಕೊಟ್ಟದ್ದು ಅವರ ಮಗ, ಅಂದರೆ ಹುಡುಗಿಯ ಅಪ್ಪ. ಲೈನ್‌ಮನ್ ಕೆಲಸದವರು, ಗೋಡೆಯ ಮೇಲೆ ಬುದ್ಧನ ಪಟ ಇಟ್ಟುಕೊಂಡವರು.

"ಯಾರ್ ಸತ್ರೂ ನಮ್ಮಪ್ಪನ್ನ ಕರ್ಯೋರು ಮೇಡಂ. ಯಾರ್ ಗೆದ್ರೂ ಕರ್ಯೋರು. ಬಾರ್ಸಿ ಬಂದ್ರೆ ಒಸ್ಲಿಂದಾಚೆ ನಿಲ್ಸಿ ಊಟ ಆಕೋರು. ಸಾಕು ಅಂತ ನಾನೇ ತಮ್ಟೆ ಕಿತ್ತು ಅಟ್ಟದ್ ಮೇಲಾಕ್ದೆ. ನಾವ್ ಬುಟ್ಟಿದ್ದನ್ನ ನೀವ್ ಬಂದು ನನ್ ಮಗಳ್ ಕೈಗೆ ಕೊಡ್ತೀನಿ ಅಂತಿದ್ದೀರಲ್ಲ" ಎಂದರು.

ಅವರ ಮಾತು ಸರಿಯಾಗಿಯೇ ಇತ್ತು. ನಾನು ಒಕ್ಕಲುತನದ ಮನೆಯಲ್ಲಿ, ಬಸರಾಳಿನ ಕಡೆ ಹುಟ್ಟಿ ಬೆಳೆದವಳು. ನಮ್ಮ ಅಂಗಳದಾಚೆಯೂ ತಮಟೆಯವರು ನಿಂತು ಊಟ ಮಾಡಿದ್ದನ್ನು ನೋಡಿದ್ದೇನೆ, ಆಗ ಅದು ವಿಚಿತ್ರ ಅನ್ನಿಸಿರಲಿಲ್ಲ. ನಾಚಿಕೆಯಾಯಿತು. ಆದರೂ ಬಿಡದೆ ಹೇಳಿದೆ, ಎಲ್ಲ ಮನೆಯ ಹುಡುಗಿಯರೂ ಬಾರಿಸುತ್ತಾರೆ, ವೇದಿಕೆಯ ಮೇಲೆ ನಿಂತು ಬಾರಿಸುತ್ತಾರೆ, ನಿಮ್ಮ ಅಪ್ಪ ಗುರುಗಳು ಎಂದು ಮೈಕಿನಲ್ಲಿ ನಾನೇ ಹೇಳುತ್ತೇನೆ ಎಂದು. ಅವರು ಒಮ್ಮೆ ಅಪ್ಪನ ಕಡೆ ನೋಡಿ, "ವೇದಿಕೆ ಮೇಲೆ ಆದ್ರೆ ಸರಿ. ಮೆರವಣ್ಗೆಗೆ, ಸ್ವಾಗತಕ್ಕೆ ಅಂದ್ರೆ ಆಗಾಕಿಲ್ಲ. ನೀವ್ ಮಾತ್ ಕೊಡ್ಬೇಕು" ಎಂದರು. ಕೊಟ್ಟೆ.

ಉಳಿದ ಮನೆಗಳಲ್ಲಿ ಬೇರೆಯೇ ರಾಮಾಯಣ. "ನಮ್ ಉಡ್ಗಿ ಕೈಗೆ ತಮ್ಟೆ ಕೊಡ್ತೀರಾ ಮೇಡಮ್ಮೋರೆ, ನೆಂಟ್ರು ಕಂಡ್ರೆ ಏನಂದಾರು" ಎಂದು ಒಬ್ಬ ತಾಯಿ ಮುಖ ತಿರುಗಿಸಿದರು. ಅವರ ಕಬ್ಬಿನ ಗದ್ದೆಯ ಬದುವಿನ ಮೇಲೆ ನಿಂತು ಅರ್ಧ ಗಂಟೆ ಪುರಾಣ ಹೇಳಿದ ಮೇಲೆ, "ಆಯ್ತು ಬುಡಿ, ಇದೊಂದ್ ಸಲ. ಇನ್ನೊಂದ್ ಸಲ ಅಂದ್ರೆ ಇಲ್ಲ" ಎಂದು ಒಪ್ಪಿದರು. ಹೀಗೆ ಎಲ್ಲರಿಂದಲೂ ಸಿಕ್ಕಿದ್ದು ಒಂದೇ ಒಂದು ಸಲ.

ಒಂದು ತಿಂಗಳು ಶಾಲೆ ಬಿಟ್ಟ ಮೇಲೆ ಅಭ್ಯಾಸ ನಡೆಯಿತು. ಅಂಗೈಯಲ್ಲಿ ಬೊಬ್ಬೆ ಬಂದರೂ ಹುಡುಗಿಯರು ಬಿಡಲಿಲ್ಲ. ತಾತ ಮೊದಲ ದಿನ ಮರದ ಕೆಳಗೆ ನಿಂತೇ ಕಲಿಸಿದರು. ಮೂರನೆಯ ದಿನ ಕುರ್ಚಿಯ ತುದಿಗೆ ಕೂತರು. ಎರಡನೆಯ ವಾರದಲ್ಲಿ, ತಪ್ಪಿದವರನ್ನು, "ಏನವ್ವ, ರಾಗಿ ಬಡ್ದಂಗ್ ಬಡೀತಿದ್ದೀಯ" ಎಂದು ರೇಗಿಸುವಷ್ಟಾದರು. ಅದನ್ನು ಕೇಳಿದಾಗ ನನಗೆ ಆದ ಸಂತೋಷ ಇಷ್ಟೆಂದು ಹೇಳಲಾರೆ.

ಆಗಸ್ಟ್ ಹದಿನೈದರ ಬೆಳಗ್ಗೆ ಸೋನೆ ಹಿಡಿದಿತ್ತು. ತಮಟೆಯ ಚರ್ಮ ತೇವಕ್ಕೆ ಸಡಿಲವಾಗುತ್ತದೆ, ಬೆಂಕಿಗೆ ಹಿಡಿದು ಕಾಯಿಸಿದರೇ ನಾದ. ತಾತ ಮೈದಾನದ ಹಿಂದೆ, ಕಾಂಪೌಂಡಿನ ಮರೆಯಲ್ಲಿ ತೆಂಗಿನ ಗರಿ ಉರಿಹಾಕಿ ಹತ್ತೂ ತಮಟೆಗಳನ್ನು ಕಾಯಿಸಿಟ್ಟರು. ಒಂಬತ್ತಕ್ಕೆ ಬಾವುಟ ಏರಿತು, ಅದು ನಿಯಮ. ವೇದಿಕೆಯ ಕಾರ್ಯಕ್ರಮಕ್ಕೆ ಹೊಸ ನಾಯಕರು ಬರಬೇಕಿತ್ತು. ಹತ್ತಾಯಿತು. ತಮಟೆ ತಣ್ಣಗಾಯಿತು, ಎರಡನೆಯ ಸಲ ಕಾಯಿಸಿದರು. ನಾನು ಮೈಕಿನಲ್ಲಿ, ಇನ್ನು ಕೆಲವೇ ಕ್ಷಣಗಳಲ್ಲಿ, ಇನ್ನು ಕೆಲವೇ ಕ್ಷಣಗಳಲ್ಲಿ ಎನ್ನುತ್ತಾ ಬೇರೆ ಶಾಲೆಗಳ ಹಾಡು ಕುಣಿತಗಳನ್ನು ಒಂದೊಂದಾಗಿ ಮುಗಿಸಿದೆ. ನಮ್ಮದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಸ್ವಂತ ಶಾಲೆಯನ್ನೇ ಮುಂದೆ ಮಾಡಿಕೊಂಡಳು ಎನ್ನಬಾರದು ಎಂಬ ಮರ್ಯಾದೆ ಒಂದು, ಅವರು ಬಂದು ನೋಡಲಿ ಎಂಬ ಆಸೆ ಇನ್ನೊಂದು. ಹನ್ನೊಂದೂವರೆಗೆ ತಾತ ಮೂರನೆಯ ಸಲ ಬೆಂಕಿ ಹಾಕಿದರು.

ಆಗ ಗೇಟಿನ ಹತ್ತಿರ ಪಟಾಕಿ ಸಿಡಿಯಿತು. ಕ್ರೇನಿನಲ್ಲಿ ಸೇಬಿನ ಹಾರ ತೂಗಾಡುತ್ತಿತ್ತು. ನಮ್ಮ ಕಡೆ ಗೆದ್ದವರಿಗೆ ಕೈಯಲ್ಲಿ ಹಾಕುವ ಹಾರ ಸಾಲುವುದಿಲ್ಲ. ಹೊಸ ನಾಯಕರು ಜೀಪಿನ ಮೇಲೆ ನಿಂತಿದ್ದರು, ಮುಖ ಬಾಡಿತ್ತು. ವೇದಿಕೆಯ ಮೇಲಿಂದ ನನಗೆ ಕಾಂಪೌಂಡಿನ ಆಚೆಯದೂ ಕಾಣುತ್ತಿತ್ತು. ಬೆಂಕಿಯ ಮುಂದೆ ಕೂತಿದ್ದ ತಾತನ ಹತ್ತಿರ ಶಾಲು ಹೊದ್ದ ಒಬ್ಬ ಕಾರ್ಯಕರ್ತ ಓಡಿ ಹೋದ. "ಏ ತಾತ, ಇಲ್ಲೇನ್ ಕಾಯ್ಸ್ಕಂಡ್ ಕುಂತಿದ್ದೀಯ, ಬಾ ಅತ್ಲಾಗೆ, ಬಂದ್ಬುಟ್ರು" ಎಂದು ಕೂಗಿದ್ದು ಕೇಳಿಸಿತು. ಸ್ವಾಗತಕ್ಕೆ ಕರೆಸಿದ ಮೇಳದವರಲ್ಲಿ ಒಬ್ಬರು ಎಂದುಕೊಂಡಿರಬೇಕು. ತಮಟೆ ಹಿಡಿದ ಮುದುಕ ಇನ್ಯಾತಕ್ಕೆ ಬಂದಿದ್ದಾನು ಎಂಬುದು ಅವನಿಗೆ ತೋಚಿರಲಿಕ್ಕಿಲ್ಲ.

ತಾತ ಎದ್ದರು. ಮಗ ತಮಟೆ ಬಿಡಿಸುವವರೆಗೂ ಯಾರು ಕರೆದರೂ ಎದ್ದು ಹೋದ ಮೈ ಅದು. ಒಂದು ತಮಟೆ ಹೆಗಲಿಗೆ ಹಾಕಿಕೊಂಡು ಜೀಪಿನ ಮುಂದೆ ಬಾರಿಸುತ್ತಾ ಬಂದರು. ಎಷ್ಟು ಚೆನ್ನಾಗಿ ಬಾರಿಸಿದರೆಂದರೆ ಜನ ಶಿಳ್ಳೆ ಹಾಕಿದರು. ಮೊಮ್ಮಗಳು ವೇದಿಕೆಯ ಪಕ್ಕ ಸಾಲಿನಲ್ಲಿ ನಿಂತು ನೋಡುತ್ತಿದ್ದಳು. ನಾನು ಅವಳ ಕಡೆ ನೋಡದೆ, "ಅಭಿವೃದ್ಧಿಯ ಹರಿಕಾರರು ಆಗಮಿಸುತ್ತಿದ್ದಾರೆ" ಎಂದು ಚೀಟಿ ಓದಿದೆ.

ಭಾಷಣ ಮುಕ್ಕಾಲು ಗಂಟೆ ನಡೆಯಿತು. ಕೆಟ್ಟ ಭಾಷಣವೇನೂ ಅಲ್ಲ. ಹಿರಿಯರ ತ್ಯಾಗ, ನಾಲೆಯ ನೀರು, ಹೆಣ್ಣುಮಕ್ಕಳ ಓದು, ಎಲ್ಲ ಬಂತು. ಅವರಿಗೆ ಇನ್ನೂ ಎರಡು ಕಡೆ ಹೋಗಬೇಕಿತ್ತು, ಬೆಳಗ್ಗೆಯಿಂದ ತಿಂಡಿ ತಿಂದಿದ್ದರೋ ಇಲ್ಲವೋ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಅದೂ ಆಗಲಿಲ್ಲ. ಮಾತು ಮುಗಿಯುವ ಹೊತ್ತಿಗೆ ಹುಡುಗಿಯರು ತಮಟೆ ಎದೆಗೆ ಅವುಚಿಕೊಂಡು ಮೆಟ್ಟಿಲ ಹತ್ತಿರ ಬಂದು ನಿಂತಿದ್ದರು. ಅಷ್ಟರಲ್ಲಿ ನನ್ನ ಕೈಗೆ ಒಂದು ಚೀಟಿ ಬಂತು. ಸಮಯವಿಲ್ಲ, ವಂದನಾರ್ಪಣೆ ಮಾಡಿಸಿ ಎಂದಿತ್ತು. ಯಾರು ಕಳಿಸಿದ್ದೆಂದು ಅದರಲ್ಲಿ ಇರಲಿಲ್ಲ. ಹೊಸ ನಾಯಕರಿಗಂತೂ ಈ ಹತ್ತು ಹುಡುಗಿಯರು ಇದ್ದಾರೆಂಬುದೇ ಗೊತ್ತಿರಲಿಲ್ಲ.

ಮೈಕಿಗೂ ನನಗೂ ನಡುವೆ ಒಂದು ಉಸಿರಿನಷ್ಟು ಹೊತ್ತಿತ್ತು. ಮುಂದಿನ ಕಾರ್ಯಕ್ರಮ ತಮಟೆ ಎಂದು ನಾನು ಹೇಳಿಬಿಟ್ಟಿದ್ದರೆ ಆಗುತ್ತಿದ್ದದ್ದು ಇಷ್ಟೆ. ಹುಡುಗಿಯರು ಮೇಲೆ ಬರುತ್ತಿದ್ದರು, ಎದ್ದು ಹೊರಟವರು ಐದು ನಿಮಿಷ ಕೂರುತ್ತಿದ್ದರು, ಮರುದಿನ ಯಾರೋ ನನ್ನನ್ನು ಕರೆಸಿ ಗದರುತ್ತಿದ್ದರು. ನಾನು ಹೇಳಿದ್ದು ಬೇರೆ. "ಸಮಯದ ಅಭಾವದಿಂದ ಸಾಂಸ್ಕೃತಿಕ ಕಾರ್ಯಕ್ರಮ ಇಲ್ಲಿಗೆ ಮುಕ್ತಾಯವಾಗಿದೆ, ಈಗ ವಂದನಾರ್ಪಣೆ" ಎಂದೆ. ಗಂಟಲು ಎಂದಿನಂತೆ ಚೆನ್ನಾಗಿಯೇ ಇತ್ತು. ರಾಷ್ಟ್ರಗೀತೆಗೆ ಎಲ್ಲರೂ ಎದ್ದು ನಿಂತರು. ಹುಡುಗಿಯರೂ ಮೆಟ್ಟಿಲ ಹತ್ತಿರವೇ, ತಮಟೆ ಹಿಡಿದುಕೊಂಡೇ, ಅಲುಗದೆ ನಿಂತರು.

ಇದೊಂದು ಸಲ ಎಂದು ಒಪ್ಪಿ, ಮಗಳನ್ನು ನೋಡಲು ಬಂದಿದ್ದ ಆ ತಾಯಿ, "ಆಗಿದ್ದೆಲ್ಲ ಒಳ್ಳೇದೇ ಆಯ್ತು ಬುಡಿ" ಎಂದು ಹಗುರಾಗಿ ನಕ್ಕು ಮಗಳನ್ನು ಕರೆದುಕೊಂಡು ಹೋದರು. ಉಳಿದವರನ್ನು ಬಾಡಿಗೆಯ ಟೆಂಪೊಗೆ ಹತ್ತಿಸಿದೆ. ಲಾಡಿನ ಪೊಟ್ಟಣ ಹಂಚಿದೆ. ಯಾರೂ ಅಳಲಿಲ್ಲ, ಯಾರೂ ದೂರಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುವ ಕೆಲಸವಾದರೂ ನನಗೆ ಸಿಗುತ್ತಿತ್ತು. ತಾತನ ಪಕ್ಕ ಕೂತು, ತಪ್ಪಾಯಿತು ಎಂದೆ.

"ಬುಡಿ ಮೇಡಮ್ಮೋರೆ" ಎಂದರು ತಾತ. "ನಾನಂತೂ ಬಾರ್ಸ್ದೆ. ಕೈ ಇನ್ನೂ ಓಗಿಲ್ಲ ಅಂತ ಗೊತ್ತಾಯ್ತು." ಅದು ನನ್ನನ್ನು ಸಮಾಧಾನ ಮಾಡಲು ಆಡಿದ ಮಾತು. ಸ್ವಲ್ಪ ಹೊತ್ತಾದ ಮೇಲೆ ಮೊಮ್ಮಗಳ ಕಡೆ ಬಗ್ಗಿ, "ಜೀಪ್ ಮುಂದೆ ಬಾರ್ಸಿದ್ದನ್ನ ನಿಮ್ಮಪ್ಪುಂಗೆ ಏಳ್ಬ್ಯಾಡ ಕಣವ್ವ" ಎಂದು ಮೆಲ್ಲಗೆ ಹೇಳಿದರು. ಹುಡುಗಿ ಆಗಲಿ ಎಂದು ತಲೆಯಾಡಿಸಿದಳು.

ಟೆಂಪೊ ಊರಿನ ದಾರಿಗೆ ತಿರುಗಿತು. ರಸ್ತೆಯುದ್ದಕ್ಕೂ ಕಟ್ಟಿದ್ದ ಬ್ಯಾನರುಗಳಲ್ಲಿ ಹೊಸ ಮುಖ ನಗುತ್ತಿತ್ತು. ಐದು ವರ್ಷದ ಹಿಂದೆ ಅದೇ ಕಂಬಗಳಲ್ಲಿ ಇನ್ನೊಂದು ಮುಖ ಇತ್ತು. ಇವರೂ ಅವರಂತೆಯೇ ಎಂದುಕೊಂಡೆ. ಹಾಗೆ ಅಂದುಕೊಂಡರೆ ಒಂದು ಬಗೆಯ ನೆಮ್ಮದಿ ಸಿಗುತ್ತದೆ, ಬಹಳ ವರ್ಷಗಳಿಂದ ನಾನು ಆ ನೆಮ್ಮದಿಯಲ್ಲೇ ಕಾಲ ಹಾಕಿದ್ದೇನೆ. ಹುಡುಗಿ ಲಾಡಿನ ಪೊಟ್ಟಣ ಬಿಚ್ಚದೆ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಬಹಳ ದೂರ ಬಂದ ಮೇಲೆ ನನ್ನ ಕಡೆ ತಿರುಗಿದಳು. ಸಿಟ್ಟೇನೂ ಇರಲಿಲ್ಲ, ತರಗತಿಯಲ್ಲಿ ಅರ್ಥವಾಗದ್ದನ್ನು ಎದ್ದು ನಿಂತು ಕೇಳುತ್ತಾಳಲ್ಲ, ಅದೇ ದನಿ.

"ಮಿಸ್, ಬ್ಯಾಡ ಅಂತ ಅವ್ರು ಚೀಟಿ ಕಳ್ಸುದ್ರು, ಸರಿ. ಮೈಕು ನಿಮ್ ಕೈಲೇ ಇತ್ತಲ್ವಾ?"

ಇತ್ತು ಎಂದೆ. ಅವಳು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು.